ಹಸಿರು ಬಣ್ಣ ಯಾಕೆ ಜಾರಿತು?

ಪ್ರಶ್ನೆ: ಮಾಷ್ಟ್ರೇ, ನಮಸ್ಕಾರ. ನಾನು ಬದಿಯಡ್ಕ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿ ಟೀಚರ್. ಮಕ್ಕಳ ಪತ್ರಿಕೆಯ ಮುಖಪುಟಕ್ಕೆಂದು ಆಟಿ ತಿಂಗಳಲ್ಲಿ ಒಂದು ಲಿನೋಕಟ್ (ಲಿನೋಲಿಯಂ ತುಂಡನ್ನು ಉಳಿಯಿಂದ ಕೊರೆದು, ಇಂಕ್ ಹಚ್ಚಿ ಕಾಗದಕ್ಕೆ ಒತ್ತುವ ಅಚ್ಚು) ಮಾಡಿದೆ. ಸಂಜೆಯ ಅಡಿಕೆ ತೋಟ, ನಡುವೆ ಹೆಂಚಿನ ಮನೆ. ಒಂದೇ ಲಿನೋ ತುಂಡನ್ನು ಹಂತ ಹಂತವಾಗಿ ಕೊರೆಯುತ್ತಾ ಹಳದಿ, ಹಸಿರು, ಕಡುನೀಲಿ ಹೀಗೆ ಒಂದರ ಮೇಲೊಂದು ಒತ್ತಿದೆ. ಮನೆಯ ಕಿಟಕಿ ಹಳದಿ ಕಾಣಬೇಕಿತ್ತು, ಬೆಳ್ಳಗೆ ಉಳಿಯಿತು. ಹಸಿರು ಜಾರಿದೆ. ನೀಲಿ ಅಲ್ಲಲ್ಲಿ ಹಿಡಿಯಲೇ ಇಲ್ಲ. ಮಳೆಯಲ್ಲಿ ಇಂಕ್ ಒಣಗದೆ ಹಾಳೆಗಳನ್ನು ಅಡಿಕೆ ಒಣಗಿಸುವ ಸೋಲಾರ್ ಗೂಡಿನಲ್ಲಿ ನೇತುಹಾಕಿದ್ದೆ. ನನಗೆ ಉಳಿ ಹಿಡಿಯುವ ಕೈ ಇಲ್ಲ ಅನ್ನಿಸುತ್ತಿದೆ. ಪ್ರತಿಗಳನ್ನು ಕಳಿಸಿದ್ದೇನೆ, ನೋಡಿ ಹೇಳಿ. ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ ಟೀಚರ್. ನಿಮ್ಮ ಪ್ರತಿಗಳನ್ನು ಬೆಳಕಿಗೆ ಹಿಡಿದು ನಿಧಾನವಾಗಿ ನೋಡಿದೆ. ಅಡಿಕೆ ಸೋಗೆಗಳನ್ನು ಎಷ್ಟು ಚಂದ ಕೊರೆದಿದ್ದೀರಿ! ಒಂದು ಗೆರೆಯೂ ತಡವರಿಸಿಲ್ಲ. ಕೈ ಇಲ್ಲ ಎಂಬ ಮಾತನ್ನು ಮನಸ್ಸಿನಿಂದ ತೆಗೆದುಹಾಕಿ. ಇಲ್ಲಿ ತಪ್ಪಿರುವುದು ಕಾಗದ, ಒಣಗಿಸುವ ವಿಧಾನ, ಕೊರೆದ ಕ್ರಮ ಮತ್ತು ಇಂಕ್‌ನ ದಪ್ಪ. ಅದು ಹಾಳೆಯ ಮೇಲೆಯೇ ಬರೆದಂತಿದೆ, ಓದಲು ಬಂದರೆ ಸಾಕು.

ಮೊದಲು ಹಸಿರು. ಬಣ್ಣ ಜಾರುವುದು ಮೂರು ರೀತಿ. ಚಿತ್ರವಿಡೀ ಒಂದೇ ದಿಕ್ಕಿಗೆ, ಒಂದೇ ಅಳತೆಯಲ್ಲಿ ಸರಿದಿದ್ದರೆ ಹಾಳೆ ಇಟ್ಟ ಜಾಗ ತಪ್ಪಿದೆ. ಒಂದು ಮೂಲೆ ಸರಿ ಕೂತು, ದೂರ ಹೋದಂತೆ ಗೆರೆಗಳು ವಾಲಿದ್ದರೆ ಹಾಳೆ ತಿರುಗಿದೆ. ನಿಮ್ಮದರಲ್ಲಿ ಈ ಎರಡೂ ಇಲ್ಲ. ಎಡ ಅಂಚಿನಲ್ಲಿ ಹಸಿರು ಸರಿಯಾಗಿ ಕೂತಿದೆ. ಬಲಕ್ಕೆ ಹೋದಂತೆ ಹಳದಿಯನ್ನು ದಾಟಿ ಹೊರಗೆ ಬಂದಿದೆ, ಆದರೆ ಗೆರೆ ವಾಲಿಲ್ಲ. ಅಂದರೆ ಹಳದಿ ಒತ್ತಿದ ಮೇಲೆ ಹಾಳೆಯೇ ಚಿಕ್ಕದಾಗಿದೆ!

ನಮ್ಮ ಕಾಸರಗೋಡಿನ ಆಟಿ ಮಳೆಯಲ್ಲಿ ಕಾಗದ ಗಾಳಿಯ ನೀರನ್ನು ಕುಡಿದು ಹಿಗ್ಗುತ್ತದೆ, ಮುಚ್ಚಳ ತೆರೆದಿಟ್ಟ ಡಬ್ಬದ ಹಪ್ಪಳ ಮೆತ್ತಗಾಗುವ ಹಾಗೆ. ನೀವು ಹಳದಿ ಒತ್ತಿದ್ದು ಹಿಗ್ಗಿದ ಹಾಳೆಯ ಮೇಲೆ. ಸೋಲಾರ್ ಗೂಡಿನ ಬಿಸಿಗೆ ಅದು ಕುಗ್ಗಿತು. ಲಿನೋ ಮಾತ್ರ ಇದ್ದಷ್ಟೇ ಇತ್ತು. ಎರಡೂ ಹೇಗೆ ಹೊಂದಬೇಕು ಹೇಳಿ? ಕಾಗದದ ನಾರು ಯಾವ ಕಡೆಗೆ ಓಡುತ್ತದೋ ಅದಕ್ಕೆ ಅಡ್ಡಲಾಗಿ ಈ ಹಿಗ್ಗು ಕುಗ್ಗು ಜಾಸ್ತಿ. ಹಾಗಾಗಿ ಎಲ್ಲ ಹಾಳೆಗಳನ್ನೂ ದೊಡ್ಡ ಹಾಳೆಯಿಂದ ಒಂದೇ ದಿಕ್ಕಿಗೆ ಕತ್ತರಿಸಿ. ಎಲ್ಲಿ ಒತ್ತುತ್ತೀರೋ ಅದೇ ಕೋಣೆಯಲ್ಲಿ ಬಳ್ಳಿ ಕಟ್ಟಿ, ಕ್ಲಿಪ್ ಹಾಕಿ, ಫ್ಯಾನ್ ಗಾಳಿಗೆ ಒಣಗಲು ಬಿಡಿ. ಗೂಡಿನಲ್ಲಿ ಒಣಗಿಸಲೇಬೇಕು ಅಂತಾದರೆ, ಮುಂದಿನ ಬಣ್ಣಕ್ಕೆ ಮೊದಲು ಒಂದು ದಿನವಾದರೂ ಹಾಳೆಗಳನ್ನು ಒತ್ತುವ ಕೋಣೆಯಲ್ಲೇ ಇಡಿ. ಅಲ್ಲಿನ ಹವೆಗೆ ಹೊಂದಿಕೊಳ್ಳಲಿ.

ಇದರ ಜೊತೆಗೆ, ಹಾಳೆ ಪ್ರತಿ ಸಲ ಒಂದೇ ಜಾಗದಲ್ಲಿ ಕೂರುವ ಹಾಗೆ ಒಂದು ಹಲಗೆ ಮಾಡಿಕೊಳ್ಳಿ. ಪ್ಲೈವುಡ್ ತುಂಡಿನ ಮೇಲೆ, ಲಿನೋ ಕೂರುವ ಮೂಲೆಗೆ ದಪ್ಪ ರಟ್ಟನ್ನು ಎಲ್ ಆಕಾರದಲ್ಲಿ ಅಂಟಿಸಿ. ಹಾಳೆ ತಾಗಿ ನಿಲ್ಲುವಲ್ಲಿ ಇನ್ನೆರಡು ತಡೆ. ಜಪಾನಿನ ಮರದಚ್ಚಿನವರು ಇದನ್ನೇ ಅಚ್ಚಿನ ಮರದಲ್ಲೇ ಕೊರೆದುಕೊಳ್ಳುತ್ತಾರೆ. ಹಾಳೆಯ ಮೂಲೆಗೆ ಒಂದು ಕಚ್ಚು, ಬದಿಗೆ ಇನ್ನೊಂದು. ಅದಕ್ಕೆ ಕೆಂಟೊ ಎಂದು ಹೆಸರು.

ಬಣ್ಣ ಕೂರಿಸುವ ಕಷ್ಟ ಹೊಸಬರಿಗೆ ಮಾತ್ರ ಇರುವುದಲ್ಲ. 1958ರಲ್ಲಿ ಚಿತ್ರಕಾರ ಪಿಕಾಸೊ ಫ್ರಾನ್ಸಿನ ವಲೋರಿಸ್‌ನಲ್ಲಿ ಬಣ್ಣಕ್ಕೊಂದು ಲಿನೋ ಕೊರೆದು ಒಂದು ದೊಡ್ಡ ಚಿತ್ರ ಮಾಡಿದರು. ಅಷ್ಟೂ ತುಂಡುಗಳನ್ನು ಒಂದರ ಮೇಲೊಂದು ಹೊಂದಿಸುವುದು ದೊಡ್ಡ ತಲೆನೋವಾಯಿತು. ಆಮೇಲೆ ಅವರು ಹಿಡಿದದ್ದು ನೀವು ಹಿಡಿದ ದಾರಿಯನ್ನೇ. ಒಂದೇ ಲಿನೋ, ಕೊರೆಯುತ್ತಾ ಒತ್ತುತ್ತಾ ಹೋಗುವುದು. ಅದಕ್ಕೆ ರಿಡಕ್ಷನ್ ಅನ್ನುತ್ತಾರೆ.

ಈ ದಾರಿಯಲ್ಲಿ ಒಂದು ಕಟ್ಟುನಿಟ್ಟಿದೆ. ಒಮ್ಮೆ ಕೊರೆದದ್ದು ಹಿಂದೆ ಬರುವುದಿಲ್ಲ. ಹಸಿರಿಗೆ ಕೊರೆದ ಮೇಲೆ ಹಳದಿಯನ್ನು ಇನ್ನೊಂದು ಹಾಳೆಗೆ ಒತ್ತಲು ಆಗದು. ಹತ್ತು ಪ್ರತಿ ಬೇಕಿದ್ದರೆ ಹಳದಿಯನ್ನು ಹದಿನೈದು ಹಾಳೆಗೆ ಒತ್ತಿ. ಕಿಟಕಿ ಬೆಳ್ಳಗಾದದ್ದೂ ಇದೇ ಕಾರಣಕ್ಕೆ. ನೀವು ಅದನ್ನು ಹಳದಿ ಒತ್ತುವ ಮೊದಲೇ ಕೊರೆದುಬಿಟ್ಟಿರಿ. ಯಾವ ಬಣ್ಣ ಉಳಿಯಬೇಕೋ ಆ ಬಣ್ಣ ಒತ್ತಿದ ನಂತರ ಅಲ್ಲಿ ಕೊರೆಯಬೇಕು. ಇದು ತಲೆಯಲ್ಲಿ ನಿಲ್ಲುವುದು ಕಷ್ಟ, ಎಲ್ಲರಿಗೂ. ಕಲರ್ ಪೆನ್ಸಿಲಿನಲ್ಲಿ ಚಿತ್ರ ಬರೆದು ಪ್ರತಿ ಜಾಗಕ್ಕೂ ನಂಬರ್ ಹಾಕಿಕೊಳ್ಳಿ. ಬಿಳಿಗೆ 0, ಹಳದಿಗೆ 1, ಹಸಿರಿಗೆ 2. ಮೊದಲ ಸಲ ಉಳಿ ಹಿಡಿದಾಗ 0 ಇರುವಲ್ಲಿ ಮಾತ್ರ ಕೊರೆಯಿರಿ. ಈಗಿನ ಪ್ರತಿಗಳನ್ನು ಎಸೆಯಬೇಡಿ. ಕಿಟಕಿಯ ಅಳತೆಗೆ ಸಣ್ಣ ಲಿನೋ ತುಂಡು ಕತ್ತರಿಸಿ, ಹಳದಿ ಹಚ್ಚಿ ಒತ್ತಿ. ಕೆಳಗೆ ಬಿಳಿ ಕಾಗದ ಇರುವುದರಿಂದ ಚೆನ್ನಾಗಿಯೇ ಬರುತ್ತದೆ.

ಇನ್ನು ನೀಲಿ. ಒತ್ತಿ ಹಾಳೆ ಎತ್ತಿದ ಕೂಡಲೇ ಲಿನೋವನ್ನು ನೋಡಿ. ಅದಕ್ಕೆ ಹಸಿರು ಮೆತ್ತಿಕೊಂಡಿದ್ದರೆ ಹಾಳೆಯ ಹಸಿರು ಇನ್ನೂ ಹಸಿಯಾಗಿತ್ತು ಎಂದರ್ಥ. ಲಿನೋ ಶುಭ್ರವಾಗಿದ್ದು ಹಾಳೆಯ ಮೇಲೆ ನೀಲಿ ಚುಕ್ಕಿ ಚುಕ್ಕಿಯಾಗಿದ್ದರೆ, ಕೆಳಗಿನ ಪದರ ದಪ್ಪವಾಗಿ, ಒಣಗಿ, ನುಣುಪಾಗಿದೆ. ಹೊಸ ಇಂಕ್‌ಗೆ ಹಿಡಿತ ಸಿಗುವುದಿಲ್ಲ. ನಿಮ್ಮ ಹಸಿರು ಓರೆಯಾಗಿ ನೋಡಿದರೆ ಮಿಂಚುತ್ತದೆ. ಹಾಗಾಗಿ ನಿಮ್ಮದು ಈ ಎರಡನೇ ತೊಂದರೆ. ಪರಿಹಾರ, ತೆಳುವಾಗಿ ಹಚ್ಚುವುದು. ರೋಲರಿನ ಸದ್ದಿಗೆ ಕಿವಿ ಕೊಡಿ. ಪಚಪಚ ಅಂದರೆ ಇಂಕ್ ಜಾಸ್ತಿ. ಸಣ್ಣಗೆ ಸರಸರ ಅನ್ನುವಾಗ ಹದ. ಎಣ್ಣೆ ಇಂಕ್ ನೀರಿನಂತೆ ಆರಿಹೋಗಿ ಒಣಗುವುದಲ್ಲ. ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಎಷ್ಟು ದಿನ ಕಾದರೂ ಅಂಟುತ್ತಲೇ ಇರುತ್ತದೆ.

ಪ್ರತಿ ಬಣ್ಣದ ನಂತರ ಒಂದು ಹಾಳೆಯನ್ನು ಬೇರೆ ತೆಗೆದಿಡಿ. ಅದರ ಅಂಚಿನಲ್ಲಿ ಪೆನ್ಸಿಲಿನಿಂದ ಆ ದಿನದ ಮಳೆ ಬಿಸಿಲು, ಇಂಕ್‌ನ ಹದ, ಒಣಗಿಸಿದ ಜಾಗ ಬರೆಯಿರಿ. ಮುಂದಿನ ಚಿತ್ರಕ್ಕೆ ಕೂರುವಾಗ ಆ ಹಾಳೆಗಳನ್ನೇ ಎದುರಿಗೆ ಇಟ್ಟುಕೊಳ್ಳಿ. ಮಕ್ಕಳ ಕೈಗೆ ಕೊಡುವುದಾದರೆ ಮಾತ್ರ ಒಂದೇ ಬಣ್ಣದಿಂದ ಶುರುಮಾಡಿಸಿ. ಚಿತ್ರಕಾರ ನಂದಲಾಲ್ ಬೋಸ್ 1930ರಲ್ಲಿ ಕೋಲು ಹಿಡಿದು ನಡೆಯುವ ಗಾಂಧೀಜಿಯನ್ನು ಲಿನೋದಲ್ಲಿ ಕೊರೆದದ್ದು ಬರೀ ಕಪ್ಪು ಬಿಳುಪಿನಲ್ಲಿ. ಅದನ್ನು ಮಕ್ಕಳಿಗೆ ತೋರಿಸಿ.

ಪ್ರಶ್ನೆ: ಲಿನೋ ಮೇಲಿನ ಎಣ್ಣೆ ಇಂಕನ್ನು ತೆಂಗಿನೆಣ್ಣೆಯಲ್ಲಿ ಒರೆಸಬಹುದೇ? ಒರೆಸಿದ ಬಟ್ಟೆಯನ್ನು ಏನು ಮಾಡಬೇಕು? (ಮಂಜೇಶ್ವರದ ಓದುಗರೊಬ್ಬರು)

ಉತ್ತರ: ಧಾರಾಳವಾಗಿ ಒರೆಸಬಹುದು. ಆದರೆ ತೆಂಗಿನೆಣ್ಣೆ ತಾನಾಗಿ ಒಣಗುವುದಿಲ್ಲ. ಅದರ ಜಿಡ್ಡು ಉಳಿದರೆ ಮುಂದಿನ ಬಣ್ಣ ಹಿಡಿಯದು. ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ. ಲಿನೋದ ಬೆನ್ನಿಗೆ ಸೆಣಬಿನ ಬಟ್ಟೆ ಇರುತ್ತದೆ, ಹಾಗಾಗಿ ನೀರಲ್ಲಿ ಮುಳುಗಿಸಬೇಡಿ, ಮುರುಟುತ್ತದೆ.

ಒರೆಸಿದ ಬಟ್ಟೆಯ ವಿಷಯದಲ್ಲಿ ದಯವಿಟ್ಟು ಜಾಗ್ರತೆ. ಅಗಸೆ ಎಣ್ಣೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ಬಟ್ಟೆಗಳನ್ನು ಮುದ್ದೆ ಮಾಡಿ ಒಂದು ಮೂಲೆಗೆ ಹಾಕಿದರೆ ಆ ಬಿಸಿ ಹೊರಹೋಗದೆ ತಾನಾಗಿಯೇ ಬೆಂಕಿ ಹತ್ತಬಹುದು. ಸೌದೆ ಕೊಟ್ಟಿಗೆಯಲ್ಲಂತೂ ಇಡಲೇಬೇಡಿ. ಒಂದೊಂದಾಗಿ ಬಿಡಿಸಿ ಹೊರಗೆ ಬಳ್ಳಿಯ ಮೇಲೆ ಹರವಿ. ಮಳೆಗಾಲವಾದರೆ ಮುಚ್ಚಳವಿರುವ ಕಬ್ಬಿಣದ ಡಬ್ಬದಲ್ಲಿ ನೀರು ತುಂಬಿಸಿ ಮುಳುಗಿಸಿಡಿ.