‘ದೇವರ ಸಂಖ್ಯೆ’ ಬೇಡ, 6174 ಸಾಕು

ನಮಸ್ಕಾರ ಮೇಡಂ,

ಕೊಪ್ಪಳದಿಂದ ನೀವು ಕಳಿಸಿದ ‘6174: ದೇವರ ಸಂಖ್ಯೆ’ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ. ತಿದ್ದಿ ಕಳಿಸಿದರೆ ಖಂಡಿತ ಹಾಕುತ್ತೇನೆ.

‘ಯಾವುದೇ ನಾಲ್ಕಂಕಿ ಸಂಖ್ಯೆ ತಗೊಳ್ಳಿ. ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆದು, ಏರಿಕೆ ಕ್ರಮದ್ದನ್ನು ಅದರಿಂದ ಕಳೆಯಿರಿ. ಉತ್ತರಕ್ಕೆ ಮತ್ತೆ ಹಾಗೇ ಮಾಡುತ್ತ ಹೋದರೆ ಕೊನೆಗೆ 6174 ಬರುತ್ತದೆ’ ಅಂದಿದ್ದೀರಿ. 1111 ತಗೊಂಡರೆ? ಮೊದಲ ಸಲವೇ ಸೊನ್ನೆ. ನಾಲ್ಕೂ ಅಂಕಿ ಒಂದೇ ಆಗಿರಬಾರದು ಅನ್ನುವ ಷರತ್ತು ಬಿಟ್ಟುಹೋಗಿದೆ. 1000ದಿಂದ 0001 ಕಳೆದರೆ 999. ಅದನ್ನು 0999 ಅಂತಲೇ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಲೆಕ್ಕ ಅಲ್ಲೇ ನಿಂತುಬಿಡುತ್ತದೆ. ಇದನ್ನೂ ನೀವು ಹೇಳಿಲ್ಲ. ಓದಿದವರು ಪೆನ್ನು ಹಿಡಿದು ಮಾಡಿಯೇ ನೋಡುತ್ತಾರೆ, ಅಲ್ವಾ? ಮೊದಲ ಸಂಖ್ಯೆಯೇ ಕೈಕೊಟ್ಟರೆ ಉಳಿದದ್ದನ್ನು ಯಾರು ನಂಬುತ್ತಾರೆ?

ಐದಂಕಿಗೂ ಇಂಥದ್ದೇ ಒಂದು ಸಂಖ್ಯೆ ಇದೆ ಅನ್ನುವ ಸಾಲು ತೆಗೆಯಿರಿ. ಮೂರಂಕಿಗೆ 495 ಇದೆ. ಐದಂಕಿಯಲ್ಲಿ ಲೆಕ್ಕ ಚಕ್ರಕ್ಕೆ ಸಿಕ್ಕಿ ಸುತ್ತುತ್ತಲೇ ಇರುತ್ತದೆ.

ನನ್ನ ದೊಡ್ಡ ತಕರಾರು ಬೇರೆ. ‘ಪವಾಡ’, ‘ನಿಗೂಢ ಶಕ್ತಿ’ ಅನ್ನುತ್ತ ಪುಟ ತುಂಬಿಸಿದ್ದೀರಿ. ಹೀಗೆ ಯಾಕಾಗುತ್ತದೆ ಅಂತ ಒಂದು ಸಾಲೂ ಇಲ್ಲ. ಕಾರಣ ನಿಮ್ಮ ಒಂಬತ್ತನೇ ತರಗತಿ ಮಕ್ಕಳಿಗೂ ತಿಳಿಯುವಂಥದ್ದು. ಇಳಿಕೆ ಕ್ರಮದಲ್ಲಿ ಬರೆದಾಗ ಮೊದಲ ಮತ್ತು ಕೊನೆಯ ಅಂಕಿಯ ವ್ಯತ್ಯಾಸವನ್ನು 999ರಿಂದ ಗುಣಿಸಿ. ನಡುವಿನ ಎರಡರ ವ್ಯತ್ಯಾಸವನ್ನು 90ರಿಂದ ಗುಣಿಸಿ. ಎರಡನ್ನೂ ಕೂಡಿಸಿದರೆ ಕಳೆಯುವ ಲೆಕ್ಕದ ಉತ್ತರವೇ ಬರುತ್ತದೆ. 7641ರಲ್ಲಿ ವ್ಯತ್ಯಾಸ 6 ಮತ್ತು 2. 5994ಕ್ಕೆ 180 ಸೇರಿಸಿದರೆ 6174. ಅದರ ಅಂಕಿಗಳನ್ನು ಜೋಡಿಸಿದರೆ ಮತ್ತೆ 7641! ಇಂಥ ವ್ಯತ್ಯಾಸದ ಜೋಡಿಗಳು ಇರುವುದೇ 54. ಅಂದರೆ ಯಾವ ಸಂಖ್ಯೆಯಿಂದ ಹೊರಟರೂ ಮೊದಲ ಹೆಜ್ಜೆಗೇ ಈ 54 ಉತ್ತರಗಳಲ್ಲಿ ಒಂದಕ್ಕೆ ಬಂದು ನಿಲ್ಲುತ್ತೇವೆ. ಅಷ್ಟನ್ನೂ ಕೈಯಲ್ಲೇ ಪರೀಕ್ಷಿಸಬಹುದು. ಏಳು ಹೆಜ್ಜೆಗಿಂತ ಜಾಸ್ತಿ ಯಾವುದಕ್ಕೂ ಬೇಡ. ಪವಾಡಕ್ಕಿಂತ ಇದು ಎಷ್ಟೋ ಚೆಂದ ಅಂತ ನನ್ನ ನಂಬಿಕೆ.

ನೀವು ಕೊಟ್ಟ 3524ರ ಉದಾಹರಣೆ ಎಲ್ಲ ಕಡೆಯೂ ಇದೆ. ಅದರ ಬದಲು ನಮ್ಮ ಕಡೆಯ ಎಸ್‌ಟಿಡಿ ಕೋಡ್ ತಗೊಳ್ಳಿ. ರಾಯಚೂರಿನ ಹಳೇ ಅಂಗಡಿ ಬೋರ್ಡುಗಳ ಮೇಲೆ ಕಾಣುವ 08532ರ ಮೊದಲ ಸೊನ್ನೆ ಬಿಡಿ. 8532ರಲ್ಲಿ ಅಂಕಿಗಳು ಆಗಲೇ ಇಳಿಕೆ ಕ್ರಮದಲ್ಲಿವೆ. 2358 ಕಳೆದರೆ ಒಂದೇ ಹೆಜ್ಜೆಗೆ 6174. ಇಲ್ಲೂ ವ್ಯತ್ಯಾಸ 6 ಮತ್ತು 2! ನಿಮ್ಮ ಕೊಪ್ಪಳದ 8539 ಮೂರು ಹೆಜ್ಜೆ ಹಾಕುತ್ತದೆ: 6264, 4176, 6174. ಬಳ್ಳಾರಿಯ 8392ಕ್ಕೆ ಐದು ಬೇಕು.

ಅಂಕಿಗಳ ಮೊತ್ತ 18, ಮತ್ತು 18, 18ರ ವರ್ಗ, 18ರ ಘನ ಕೂಡಿಸಿದರೆ 6174 ಅಂತ ಬರೆದಿದ್ದೀರಲ್ಲ, ಆ ಭಾಗ ಮುಟ್ಟಬೇಡಿ. ಓದಿ ತುಂಬ ಖುಷಿಯಾಯಿತು. 6174ನ್ನು 18ರಿಂದ ಭಾಗಿಸಿದರೆ 343, ಅಂದರೆ 7ರ ಘನ ಬರುತ್ತದೆ. ಅದನ್ನೂ ಅಲ್ಲೇ ಸೇರಿಸಿ.

6174ರ ಈ ಗುಣ ಕಂಡುಹಿಡಿದ ಕಾಪ್ರೇಕರ್ ಅವರನ್ನು ಸುಮ್ನೆ ‘ಒಬ್ಬ ಗಣಿತಜ್ಞ’ ಅಂದು ಮುಗಿಸಬೇಡಿ. ಅವರು ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮಾಸ್ತರಾಗಿದ್ದರು, ನಿಮ್ಮ ಹಾಗೆಯೇ. ಅವರು ಇದನ್ನು ಗುರುತಿಸಿದ್ದು 1949ರಲ್ಲಿ. ಇದು ಲೇಖನದ ಮೊದಲ ಪುಟದಲ್ಲೇ ಇರಲಿ.

ತಿದ್ದಿದ ಲೇಖನದ ಜೊತೆ ಆ 54 ಉತ್ತರಗಳ ಪಟ್ಟಿಯನ್ನೂ ಕಳಿಸಿ. ಒಂದೊಂದಾಗಿ ಲೆಕ್ಕ ಹಾಕಿ ನೋಡಿ, ಆಮೇಲೆ ಅಚ್ಚಿಗೆ ಕೊಡುತ್ತೇನೆ.

ಸಂಪಾದಕ, ರಾಯಚೂರು