ಐಫೋನೋ ಬ್ಲ್ಯಾಕ್‌ಬೆರಿಯೋ ಎನ್ನುವ ಮೊದಲು ಆ ಯಾಹೂ ಉಪಾಯವನ್ನು ಕೈಬಿಡಿ

(ಇದು ಮೊದಲ ಐಫೋನ್ ಇನ್ನೂ ಅಂಗಡಿಗೆ ಬಾರದಿದ್ದಾಗ, 2007ರ ಜೂನ್‌ಗೆ ಸ್ವಲ್ಪ ಮೊದಲು ಬರೆದ ಉತ್ತರ; ಇದರಲ್ಲಿನ ಬೆಲೆ, ಸೌಲಭ್ಯ, ನಿಯಮಗಳು ಆಗಿನವು.) ಜೂನ್‌ನಲ್ಲಿ ಬರಲಿರುವ ಐಫೋನಿಗಾಗಿ ಕಾಯಬೇಕೇ, ಇಲ್ಲವೇ ಈಗಲೇ ಕೀಲಿಮಣೆಯಿರುವ ಬ್ಲ್ಯಾಕ್‌ಬೆರಿ 8800 ಅಥವಾ ಪಾಮ್ ಕಂಪನಿಯ ಟ್ರಿಯೋ 750 ಕೊಳ್ಳಬೇಕೇ ಎಂದು ನೀವು ಕೇಳಿದ್ದೀರಿ. ಕೀಲಿಗಳಿಲ್ಲದ ಗಾಜಿನ ಮೇಲೆ ಟೈಪ್ ಮಾಡುವುದು ಸಾಧ್ಯವೇ ಎನ್ನುವುದು ನಿಮ್ಮ ದೊಡ್ಡ ಅನುಮಾನ. ಕಚೇರಿಯ ಮೇಲ್ ವಿಷಯವನ್ನು ಮಾತ್ರ, ಅದನ್ನು ಯಾಹೂ ಖಾತೆಗೆ ಫಾರ್ವರ್ಡ್ ಮಾಡಿಕೊಂಡರೆ ಆಯಿತು ಎಂಬ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. 2004ರಲ್ಲಿ ನಾನು ಮಾಡಿದ್ದು ಸರಿಯಾಗಿ ಅದನ್ನೇ.

ಆಗ ನಾನು ಕಾರ್ಖಾನೆಗಳಿಗೆ ಬಿಡಿಭಾಗಗಳನ್ನು ಪೂರೈಸುವ ಕಂಪನಿಯೊಂದರಲ್ಲಿ, ಗ್ರಾಹಕರೊಡನೆ ಮಾತಾಡಿ ದರ ಮತ್ತು ಸರಬರಾಜಿನ ದಿನಾಂಕಗಳನ್ನು ಗೊತ್ತುಮಾಡುವ ಕೆಲಸದಲ್ಲಿದ್ದೆ. ಕಚೇರಿಯವರು ಎಲ್ಲರಿಗೂ ಬ್ಲ್ಯಾಕ್‌ಬೆರಿ ಕೊಡುತ್ತಿದ್ದರು, ಆದರೆ ನನಗೆ ಅದು ಹಿಡಿಸಲಿಲ್ಲ. ಇಡೀ ಮುಖವೇ ಪರದೆಯಾಗಿದ್ದ, ಕಡ್ಡಿಯಿಂದ ಮುಟ್ಟಿ ನಡೆಸಬೇಕಾದ ಕೈಗಣಕ ಜಾತಿಯ ಫೋನೊಂದು ಆಗಷ್ಟೇ ಘೋಷಣೆಯಾಗಿತ್ತು. ಅದರ ಚಿತ್ರಗಳನ್ನು ನೋಡಿಯೇ ಮನಸ್ಸು ಮಾಡಿದ್ದೆ, ಅಂಗಡಿಗೆ ಬಂದ ಕೂಡಲೇ ಸ್ವಂತ ಹಣದಿಂದ ಕೊಂಡೆ. ನಮ್ಮ ಸರ್ವರ್ ನೋಡಿಕೊಳ್ಳುತ್ತಿದ್ದವರ ಬಳಿ ಹೋಗಿ ಇದಕ್ಕೆ ಕಚೇರಿಯ ಮೇಲ್ ಜೋಡಿಸಿಕೊಡಿ ಎಂದಾಗ, ಇದು ನಮ್ಮ ಪಟ್ಟಿಯಲ್ಲಿಲ್ಲ ಎಂದು ಅವರು ಒಂದೇ ಮಾತಿನಲ್ಲಿ ಕಳುಹಿಸಿಬಿಟ್ಟರು. ಕೊಂಡ ಮೇಲೆ ಕೇಳಿದ್ದೆ ಎನ್ನುವುದನ್ನು ಗಮನಿಸಿ. ಅವರನ್ನು ಮತ್ತೆ ಕೇಳುವ ಬದಲು ಔಟ್‌ಲುಕ್ ಎಂಬ ಮೇಲ್ ತಂತ್ರಾಂಶದಲ್ಲಿ ಒಂದು ರೂಲ್ (ತಾನಾಗಿ ನಡೆಯುವ ಆದೇಶ) ಬರೆದು, ನನಗೆ ಬರುವ ಮೇಲ್ ಎಲ್ಲವೂ ಮನೆಯ ಇಂಟರ್‌ನೆಟ್ ಸೇವೆಯವರು ಕೊಟ್ಟಿದ್ದ ಸ್ವಂತ ಖಾತೆಗೆ ಹೋಗುವಂತೆ ಮಾಡಿ, ಫೋನಿಗೆ ಅಲ್ಲಿಂದ ಇಳಿಸಿಕೊಳ್ಳುವ ಏರ್ಪಾಡು ಮಾಡಿಕೊಂಡೆ.

ಈ ತಪ್ಪನ್ನು ಬಿಡಿಸಿ ಹೇಳಬೇಕಾಗುತ್ತದೆ, ಏಕೆಂದರೆ ಮೇಲ್ನೋಟಕ್ಕೆ ಅದು ತಪ್ಪೆಂದು ಕಾಣುವುದೇ ಇಲ್ಲ. ಫಾರ್ವರ್ಡ್ ರೂಲ್ ಬರೆದಾಗ ಬಂದ ಮೇಲ್ ಕಚೇರಿಯ ಇನ್‌ಬಾಕ್ಸಿನಲ್ಲಿಯೂ ಉಳಿಯುತ್ತದೆ, ಅದರ ಇನ್ನೊಂದು ಪ್ರತಿ ಹೊರಗಿನ ಖಾತೆಗೆ ಹೋಗುತ್ತದೆ. ಹಾಗಾಗಿ ಏನೂ ಕಳೆಯುವುದಿಲ್ಲ ಎಂದು ನಾನು ನಂಬಿದ್ದೆ, ಬರುವ ಮೇಲ್ ಮಟ್ಟಿಗೆ ಆ ನಂಬಿಕೆ ಸರಿಯಾಗಿಯೂ ಇತ್ತು. ನಾನು ಯೋಚಿಸದೇ ಬಿಟ್ಟದ್ದು ಉತ್ತರದ ಬಗ್ಗೆ. ಫೋನಿನಲ್ಲಿ ಬರೆದ ಉತ್ತರ ಹೊರಡುತ್ತಿದ್ದದ್ದು ಸ್ವಂತ ಖಾತೆಯಿಂದ, ಆದ್ದರಿಂದ ಕಚೇರಿಯ ಸೆಂಟ್ ಫೋಲ್ಡರಿನಲ್ಲಿ ಅದರ ಗುರುತೇ ಇರುತ್ತಿರಲಿಲ್ಲ. ಗ್ರಾಹಕರು ಆ ಉತ್ತರವನ್ನು ಓದಿ ರಿಪ್ಲೈ ಒತ್ತಿದರೆ ಅವರ ಮಾತೂ ಅದೇ ಸ್ವಂತ ಖಾತೆಗೆ ಬರುತ್ತಿತ್ತು. ಅಂದರೆ ಗ್ರಾಹಕರ ಮೊದಲ ಪತ್ರವೊಂದು ಮಾತ್ರ ಕಚೇರಿಯಲ್ಲಿ ಉಳಿದು, ಆ ಪತ್ರದ ಮೇಲೆ ನಡೆದ ಚೌಕಾಸಿ, ಒಪ್ಪಿಗೆ, ಷರತ್ತು ಇವೆಲ್ಲವೂ ಕಚೇರಿಯ ಹೊರಗೇ ನಡೆದು ಮುಗಿಯುತ್ತಿದ್ದವು. ನಮ್ಮ ಸರ್ವರಿನಲ್ಲಿ ಹುಡುಕಿದವರಿಗೆ ನಾನು ಯಾವ ಪತ್ರಕ್ಕೂ ಉತ್ತರ ಕೊಡದ ಮನುಷ್ಯನಂತೆ ಕಾಣುತ್ತಿದ್ದೆ.

ಇದರ ಮೇಲೆ ಇನ್ನೆರಡು ಸಂಗತಿಗಳು ಸೇರಿಕೊಂಡವು. ಆ ಖಾತೆಯಲ್ಲಿ ಜಾಗ ಕಡಿಮೆಯಿತ್ತು, ಆದ್ದರಿಂದ ಪಾಪ್ ವಿಧಾನದಲ್ಲಿ ಮೇಲ್ ಇಳಿಸಿಕೊಂಡ ಕೂಡಲೇ ಸರ್ವರಿನಿಂದ ಅಳಿಸಿಹಾಕುವ ಆಯ್ಕೆಯನ್ನು ಹಾಗೆಯೇ ಬಿಟ್ಟಿದ್ದೆ. ಇನ್ನೊಂದು ಸಂಗತಿ, ಅಂದಿನ ಅನೇಕ ಕೈಗಣಕಗಳು ಬಳಕೆದಾರರ ಮಾಹಿತಿಯನ್ನು, ವಿದ್ಯುತ್ ಇರುವವರೆಗೆ ಮಾತ್ರ ನೆನಪಿಡುವ ರ‍್ಯಾಮಿನಲ್ಲಿಯೇ ಇಟ್ಟುಕೊಳ್ಳುತ್ತಿದ್ದವು. ಬ್ಯಾಟರಿ ಪೂರ್ತಿಯಾಗಿ ಬತ್ತಿದರೆ ಪತ್ರ, ವಿಳಾಸ, ಟಿಪ್ಪಣಿ ಎಲ್ಲವೂ ಅಳಿಸಿಹೋಗಿ, ಸಾಧನ ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ಮರಳುತ್ತಿತ್ತು. 2004ರ ಕೊನೆಯಲ್ಲಿ ಬಂದ ಟ್ರಿಯೋ 650, ಮರುವರ್ಷದ ಫೋನ್ ತಂತ್ರಾಂಶ ವಿಂಡೋಸ್ ಮೊಬೈಲ್ 5 ಇವುಗಳಲ್ಲಿ ಈ ತೊಂದರೆ ನಿವಾರಣೆಯಾಯಿತು, ಆದರೆ ನನ್ನ ಫೋನು ಅದಕ್ಕೂ ಹಿಂದಿನ ತಲೆಮಾರಿನದು. ಪ್ರವಾಸವೊಂದರಲ್ಲಿ ಚಾರ್ಜರ್ ಮರೆತೆ, ಫೋನು ಬರಿದಾಯಿತು. ಮತ್ತೆ ಚಾಲು ಮಾಡಿದಾಗ ಅದು ಮೊದಲು ಕೇಳಿದ್ದು ಪರದೆಯ ಮೂಲೆಗಳನ್ನು ಕಡ್ಡಿಯಿಂದ ಮುಟ್ಟಿ ಸರಿಹೊಂದಿಸಿ ಎಂದು.

ಆ ದಿನಗಳಲ್ಲಿ ದೊಡ್ಡ ಗ್ರಾಹಕರೊಬ್ಬರ ಜೊತೆ ಸರಕನ್ನು ಎರಡು ಕಂತಿನಲ್ಲಿ ಕಳುಹಿಸುವ ಮಾತು ನಡೆದಿತ್ತು. ನಾನು ದರದಲ್ಲಿ ರಿಯಾಯಿತಿ ಕೊಟ್ಟು, ಎರಡನೆಯ ಕಂತಿನ ಸಾಗಣೆ ವೆಚ್ಚವನ್ನು ನೀವು ಭರಿಸಬೇಕು ಎಂದು ಬರೆದಿದ್ದೆ, ಅವರ ಕಡೆಯ ಅಧಿಕಾರಿ ಒಪ್ಪಿ ಉತ್ತರಿಸಿದ್ದರು. ಬಿಲ್ ಹೋಗುವ ಹೊತ್ತಿಗೆ ಆ ಅಧಿಕಾರಿ ಕೆಲಸ ಬಿಟ್ಟಿದ್ದರು. ಅವರ ಜಾಗಕ್ಕೆ ಬಂದವರು ರಿಯಾಯಿತಿಯ ವಿಷಯ ಗೊತ್ತು, ಸಾಗಣೆಯ ವಿಷಯ ಎಲ್ಲಿದೆ ತೋರಿಸಿ ಎಂದರು. ತೋರಿಸಲು ನನ್ನಲ್ಲಿ ಒಂದು ಸಾಲೂ ಇರಲಿಲ್ಲ. ಸಾಗಣೆಯ ಹಣವನ್ನು ನಮ್ಮ ಕಂಪನಿ ಕಟ್ಟಿತು, ಆ ಗ್ರಾಹಕರ ಜವಾಬ್ದಾರಿ ಸಹೋದ್ಯೋಗಿಯೊಬ್ಬರ ಕೈಗೆ ಹೋಯಿತು, ಆ ವರ್ಷದ ಬೋನಸ್ ಕೈತಪ್ಪಿತು. ಎಲ್ಲಕ್ಕಿಂತ ಹೆಚ್ಚು ಮುಜುಗರವಾದದ್ದು, ಕಚೇರಿಯ ಪತ್ರಗಳನ್ನು ಯಾರ ಅನುಮತಿಯಿಂದ ಹೊರಗೆ ಹರಿಯಬಿಟ್ಟಿರಿ ಎಂದು ಭದ್ರತೆಯ ವಿಭಾಗದವರು ಕೇಳಿದ ಪ್ರಶ್ನೆಗೆ ಉತ್ತರಿಸಬೇಕಾದಾಗ. ರೂಲ್ ಬರೆಯಲು ತೆಗೆದುಕೊಂಡ ಸಮಯಕ್ಕಿಂತ ಆ ವಿವರಣೆಯನ್ನು ಬರೆಯಲು ಹಿಡಿದ ಸಮಯ ಬಹಳ ಹೆಚ್ಚು.

ಈಗ ಐಫೋನಿಗೆ ಬರುತ್ತೇನೆ. 2007ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಟೀವ್ ಜಾಬ್ಸ್ ಅದನ್ನು ತೋರಿಸಿದಾಗ, ಯಾಹೂ ಖಾತೆಯ ಮೇಲ್ ಉಚಿತವಾಗಿ, ಬಂದ ಕ್ಷಣವೇ ಫೋನಿಗೆ ತಲುಪುತ್ತದೆ ಎಂದು ಘೋಷಿಸಿದರು. ನಿಮ್ಮ ಉಪಾಯ ಹುಟ್ಟಿದ್ದು ಅಲ್ಲಿಂದಲೇ ಇರಬೇಕು. ಅದು ಐಮ್ಯಾಪ್ ವಿಧಾನವಾದ್ದರಿಂದ ಪತ್ರಗಳು ಸರ್ವರಿನಲ್ಲಿಯೇ ಉಳಿಯುತ್ತವೆ, ಬ್ಯಾಟರಿ ಬತ್ತಿದರೂ ನನಗಾದಂತೆ ನಿಮಗಾಗುವುದಿಲ್ಲ. ನನ್ನ ಕಷ್ಟದ ಒಂದು ಅರ್ಧ ಹೀಗೆ ಪರಿಹಾರವಾಗಿದೆ, ಒಪ್ಪುತ್ತೇನೆ. ಇನ್ನೊಂದು ಅರ್ಧ ಹಾಗೆಯೇ ಇದೆ: ನಿಮ್ಮ ಉತ್ತರ ಯಾಹೂ ವಿಳಾಸದಿಂದ ಹೋಗುತ್ತದೆ, ಮಾತುಕತೆ ನಿಮ್ಮ ಕಂಪನಿಯ ದಾಖಲೆಯಿಂದ ಆಚೆ ಸರಿಯುತ್ತದೆ. 2004ಕ್ಕಿಂತ ಇಂದು ಅದು ಹೆಚ್ಚು ಅಪಾಯಕಾರಿ. 2006ರ ಡಿಸೆಂಬರ್ 1ರಿಂದ ಅಮೆರಿಕದ ಫೆಡರಲ್ ನ್ಯಾಯಾಲಯಗಳ ಸಿವಿಲ್ ನಿಯಮಗಳಲ್ಲಿ, ವಿದ್ಯುನ್ಮಾನ ರೂಪದಲ್ಲಿರುವ ಮಾಹಿತಿಯನ್ನು ವ್ಯಾಜ್ಯದಲ್ಲಿ ಹಾಜರುಪಡಿಸುವ ವಿಷಯ ಸ್ಪಷ್ಟವಾಗಿ ಸೇರಿಕೊಂಡಿದೆ. ನಾಳೆ ಒಂದು ತಕರಾರು ಬಂದರೆ ನಿಮ್ಮ ಸ್ವಂತ ಯಾಹೂ ಪೆಟ್ಟಿಗೆಯನ್ನೇ ತೆರೆದು ತೋರಿಸಿ ಎಂದು ವಕೀಲರು ಕೇಳಬಹುದು.

ಈ ಕಾರಣದಿಂದಲೇ ಗಾಜೋ ಕೀಲಿಯೋ ಎಂಬ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಹಳೆಯ ಪರದೆಗಳಲ್ಲಿ ಎರಡು ಪದರಗಳು ಒತ್ತಿಕೊಂಡು ತಾಗಬೇಕಿತ್ತು, ಅದಕ್ಕಾಗಿ ಕಡ್ಡಿ ಬೇಕಾಗುತ್ತಿತ್ತು. ಐಫೋನಿನ 3.5 ಇಂಚಿನ ಪರದೆ ಬೆರಳಿನ ವಿದ್ಯುದಾವೇಶವನ್ನು ಗುರುತಿಸುತ್ತದೆ, ಒಂದಕ್ಕಿಂತ ಹೆಚ್ಚು ಬೆರಳುಗಳನ್ನೂ ಏಕಕಾಲಕ್ಕೆ ಗ್ರಹಿಸುತ್ತದೆ. ಅದರ ಮೇಲೆ ಟೈಪ್ ಮಾಡಲು ಜನ ಕಲಿಯುತ್ತಾರೆ. ಅದರ ಬ್ರೌಸರ್ ಅನ್ನು ನೋಡಿದ ಮೇಲಂತೂ, ಕೀಲಿಮಣೆಗೆ ಅರ್ಧ ಜಾಗ ಕೊಡುವ ಫೋನುಗಳ ಕಾಲ ಮುಗಿಯುತ್ತಾ ಬಂದಿದೆ ಎಂದೇ ನನ್ನ ಅಭಿಪ್ರಾಯ. ಆದರೆ ನಿಮ್ಮ ಉದ್ಯೋಗ ನಿಂತಿರುವುದು ಪರದೆಯ ಮೇಲಲ್ಲ, ಪತ್ರ ಎಲ್ಲಿ ಉಳಿಯುತ್ತದೆ, ಅದರ ಮೇಲೆ ಯಾರ ಹತೋಟಿ ಇರುತ್ತದೆ ಎನ್ನುವುದರ ಮೇಲೆ.

ಬ್ಲ್ಯಾಕ್‌ಬೆರಿ ಗೆದ್ದಿರುವುದು ಅಲ್ಲಿಯೇ, ಅದರ ಕೀಲಿಗಳಿಂದಲ್ಲ. ಕಚೇರಿಯಲ್ಲಿ ಕುಳಿತ ಅದರ ಎಂಟರ್‌ಪ್ರೈಸ್ ಸರ್ವರ್ ಪತ್ರವನ್ನು ಗೂಢಲಿಪಿಗೆ ಇಳಿಸಿ ಕಳುಹಿಸುತ್ತದೆ. ನೀವು ಫೋನಿನಲ್ಲಿ ಬರೆದ ಉತ್ತರ ಅದೇ ದಾರಿಯಲ್ಲಿ ಹಿಂದಿರುಗಿ, ಕಚೇರಿಯ ವಿಳಾಸದಿಂದಲೇ ಹೊರಟು, ಸೆಂಟ್ ಫೋಲ್ಡರಿನಲ್ಲಿ ಪ್ರತಿ ಉಳಿಸುತ್ತದೆ. ಫೋನು ಕಳೆದುಹೋದರೆ ಅಡ್ಮಿನ್ ಕುಳಿತಲ್ಲಿಂದಲೇ ಅದನ್ನು ಅಳಿಸಬಹುದು. ದೋಷವೇ ಇಲ್ಲವೆಂದಲ್ಲ: ಎಲ್ಲ ಪತ್ರಗಳೂ ಬ್ಲ್ಯಾಕ್‌ಬೆರಿ ತಯಾರಿಸುವ ಕಂಪನಿಯ ಸ್ವಂತ ಕೇಂದ್ರದ ಮೂಲಕವೇ ಹಾಯಬೇಕಾದ್ದರಿಂದ, 2007ರ ಏಪ್ರಿಲ್ 17ರ ರಾತ್ರಿ ಆ ಕೇಂದ್ರ ಕೆಟ್ಟಾಗ ಉತ್ತರ ಅಮೆರಿಕದ ಗ್ರಾಹಕರು ಬೆಳಗಿನವರೆಗೆ ಮೇಲ್ ಇಲ್ಲದೆ ಕುಳಿತರು. ಟ್ರಿಯೋ 750ರಲ್ಲಿ ಆ ನಡುವಿನ ಕೇಂದ್ರವಿಲ್ಲ. ನಿಮ್ಮ ಕಂಪನಿಯಲ್ಲಿ ಮೈಕ್ರೋಸಾಫ್ಟ್‌ನ ಮೇಲ್ ಸರ್ವರ್ ತಂತ್ರಾಂಶವಾದ ಎಕ್ಸ್‌ಚೇಂಜ್ 2003ರ ಎರಡನೆಯ ಸರ್ವೀಸ್ ಪ್ಯಾಕ್ (ಸುಧಾರಣೆಗಳ ಕಂತು) ಇದ್ದರೆ ಅದು ನೇರವಾಗಿ ಸರ್ವರಿನಿಂದಲೇ ಪತ್ರ ಪಡೆಯುತ್ತದೆ, ದೂರದಿಂದ ಅಳಿಸುವ ಸೌಲಭ್ಯವೂ ಇದೆ, ಜೊತೆಗೆ ಮೂರನೆಯ ತಲೆಮಾರಿನ ಜಾಲದ ವೇಗವೂ ಸಿಗುತ್ತದೆ. 8800ಕ್ಕೂ ಐಫೋನಿಗೂ ಮೊಬೈಲ್ ಜಾಲದಲ್ಲಿ ಎಡ್ಜ್ ಎಂಬ ಹಳೆಯ, ನಿಧಾನದ ಜಾಲ ಮಾತ್ರವೇ ಗತಿ, ಆದರೆ ಐಫೋನಿನಲ್ಲಿ ವೈಫೈ ಇದೆ.

ಐಫೋನಿನ ಉಳಿದ ಲೆಕ್ಕ ಚಿಕ್ಕದು. 2007ರ ಘೋಷಣೆಯಂತೆ 4 ಜಿಬಿಯದಕ್ಕೆ 499 ಡಾಲರ್, 8 ಜಿಬಿಯದಕ್ಕೆ 599 ಡಾಲರ್, ಅದೂ ಸಿಂಗ್ಯುಲರ್ ಎಂಬ ಮೊಬೈಲ್ ಸೇವೆಯ ಕಂಪನಿಯ ಜೊತೆ ಎರಡು ವರ್ಷದ ಕರಾರಿಗೆ ಸಹಿ ಹಾಕಿದ ಮೇಲೆ. ಬ್ಯಾಟರಿ ಬದಲಿಸುವಂತಿಲ್ಲ. ಘೋಷಿಸಿದ ಬಾಳಿಕೆ ಫೋನಿನಲ್ಲಿ ಮಾತಾಡಿದರೆ 5 ಗಂಟೆ, ಪ್ರವಾಸದಲ್ಲಿರುವವರಿಗೆ ಇದು ಸಾಲದು, ಬ್ಯಾಟರಿಯ ವಿಷಯದಲ್ಲಿ ನನ್ನನ್ನು ಪಕ್ಷಪಾತಿ ಎಂದು ಬೇಕಾದರೆ ಕರೆಯಿರಿ. ಕಚೇರಿಯವರು ತಮಗೆ ಬೇಕಾದ ತಂತ್ರಾಂಶವನ್ನು ಬರೆದು ಅದರೊಳಗೆ ಹಾಕಲೂ ಈಗ ಅವಕಾಶ ಕಾಣುತ್ತಿಲ್ಲ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ನಿಮ್ಮ ಮೇಲ್ ಅಡ್ಮಿನ್ ಬಳಿ ಹೋಗಿ. ನಮ್ಮ ಸರ್ವರಿನಲ್ಲಿ ಐಮ್ಯಾಪ್ ಹೊರಗಿನ ಜಾಲಕ್ಕೆ ತೆರೆದಿದೆಯೇ ಎಂದು ಕೇಳಿ. ಎಕ್ಸ್‌ಚೇಂಜ್ ಅದನ್ನು ಮಾಡಬಲ್ಲದು, ಮಾಡಲು ಅವರು ಒಪ್ಪಿದ್ದಾರೆಯೇ ಎನ್ನುವುದು ಬೇರೆ ಮಾತು. ತೆರೆದಿದ್ದರೆ, ಮತ್ತು ಫೋನಿನಿಂದ ಹೊರಡುವ ಉತ್ತರವೂ ಕಚೇರಿಯ ಸರ್ವರಿನ ಮೂಲಕವೇ ಹೋಗುವಂತೆ ಅವರು ಏರ್ಪಡಿಸಿಕೊಟ್ಟರೆ, ಐಫೋನಿಗೆ ಕಾಯುವುದರಲ್ಲಿ ಅರ್ಥವಿದೆ, ಕ್ಯಾಲೆಂಡರನ್ನು ಮಾತ್ರ ಬೇರೆಯಾಗಿ ನೋಡಿಕೊಳ್ಳಬೇಕಾದೀತು ಅಷ್ಟೇ. ಇಲ್ಲ ಎಂದರೆ ಅವರು ಬೆಂಬಲಿಸುವ ಫೋನನ್ನೇ ತೆಗೆದುಕೊಳ್ಳಿ. ಅದು 8800 ಆದರೂ ಸರಿ, 750 ಆದರೂ ಸರಿ, ಆದರೆ ಕರಾರು ಕಂಪನಿಯ ಹೆಸರಿನಲ್ಲಿರಲಿ. ಹಾಗೆ ಮಾಡಿದರೆ ನಿಮ್ಮ ಸ್ವಂತ ಸಂಖ್ಯೆಯ ಮೇಲೆ ಯಾವ ಕಟ್ಟೂ ಬೀಳುವುದಿಲ್ಲ, ಜೂನ್ ಕಳೆದು ಐಫೋನನ್ನು ಬಳಸಿದವರ ಮಾತು ಕೇಳಿದ ಮೇಲೆ ಅದನ್ನು ಸ್ವಂತಕ್ಕೆ ಕೊಳ್ಳಬಹುದು. ಆ ಫಾರ್ವರ್ಡ್ ರೂಲ್ ಅನ್ನು ಈಗಾಗಲೇ ಪರೀಕ್ಷೆಗೆಂದು ಬರೆದಿದ್ದರೆ, ಇವತ್ತೇ ಅಳಿಸಿ, ಯಾಹೂ ಖಾತೆಯಿಂದ ಕಳುಹಿಸಿರುವ ಉತ್ತರಗಳು ಯಾವುದಾದರೂ ಇದ್ದರೆ ಅವುಗಳ ಪ್ರತಿಯನ್ನು ಕಚೇರಿಯ ವಿಳಾಸಕ್ಕೆ ಕಳುಹಿಸಿಡಿ.