ಕಾಡಿನಲ್ಲಿ ದಾರಿ ತಪ್ಪಿದಾಗ ಹೊಗೆಯಿಂದ ಸಂಕೇತ ಕೊಡುವುದು ಹೇಗೆ?

ಕಂಬಳಿ ಬೀಸಿ ಹೊಗೆಯನ್ನು ಉಂಡೆ ಉಂಡೆಯಾಗಿ ಬಿಡಬೇಕೇ, ಎಷ್ಟು ಉಂಡೆಗೆ ಏನರ್ಥ ಎಂದು ಕೇಳಿದ್ದೀರಿ. ಕಂಬಳಿಯನ್ನು ಮಡಚಿಡಿ, ರಾತ್ರಿ ಹೊದೆಯಲು ಬೇಕಾಗುತ್ತದೆ. ಎಲ್ಲರೂ ಓದಬಲ್ಲ ಹೊಗೆಯ ಲಿಪಿ ಎಂಬುದಿಲ್ಲ. ಚೀನಾದ ಮಹಾಗೋಡೆಯ ಕಾವಲುಗಾರರಾಗಲಿ, ಉತ್ತರ ಅಮೆರಿಕದ ಮೂಲನಿವಾಸಿಗಳಾಗಲಿ, ಹೊಗೆ ಕಂಡರೆ ಏನೆಂದು ತಿಳಿಯಬೇಕೆಂಬುದನ್ನು ತಮ್ಮತಮ್ಮಲ್ಲಿ ಮೊದಲೇ ಗೊತ್ತುಮಾಡಿಕೊಂಡಿರುತ್ತಿದ್ದರು. ನಿಮ್ಮನ್ನು ಹುಡುಕಿಕೊಂಡು ಬರುವವರೊಂದಿಗೆ ನಿಮಗೆ ಅಂಥ ಮಾತುಕತೆ ಆಗಿರುವುದಿಲ್ಲವಲ್ಲ! ಅವರಿಗೆ ತಿಳಿಯುವುದು ಮೂರರ ಲೆಕ್ಕ. ಮೂರು ಸಿಳ್ಳೆ ಅಥವಾ ಮೂರು ಬೆಂಕಿ ಎಂದರೆ ಆಪತ್ತು. ಬೆಂಕಿಗಳನ್ನು ತ್ರಿಕೋನವಾಗಿಯೋ ಸಾಲಾಗಿಯೋ ಸುಮಾರು 25–30 ಮೀಟರ್ ಅಂತರದಲ್ಲಿ ಹಾಕಬೇಕು. ಒಬ್ಬರೇ ಇದ್ದು ಮೈಯಲ್ಲಿ ಕಸುವಿಲ್ಲದಿದ್ದರೆ ಒಂದನ್ನೇ ನೆಟ್ಟಗೆ ಉರಿಸಿ.

ಒಂದು ತರಬೇತಿ ಶಿಬಿರದಲ್ಲಿ ನಾನು ಮೊದಲ ಸಲ ಇದನ್ನು ಮಾಡಿದಾಗ, ಪುರಳೆಗೆ ಬೆಂಕಿ ಹತ್ತುತ್ತಲೇ ಒಂದು ತೆಕ್ಕೆ ಹಸಿ ಸೊಪ್ಪನ್ನು ಮೇಲೆ ಸುರಿದೆ. ಹೊಗೆಯೇನೋ ಬಂತು, ನೇರವಾಗಿ ನನ್ನ ಕಣ್ಣಿಗೆ. ಎರಡೇ ನಿಮಿಷಕ್ಕೆ ಬೆಂಕಿ ಸತ್ತಿತ್ತು. ಹೊಗೆಯನ್ನು ಮೇಲಕ್ಕೆತ್ತುವುದು ಶಾಖ. ಒಣ ಸೌದೆ ಉರಿದು ದಪ್ಪ ಕೆಂಡ ಕೂರುವವರೆಗೆ ಕಾಯಬೇಕು. ಎರಡನೆಯ ಸಲ ಕಾದೆ. ಸೊಪ್ಪು ಬೀಳುತ್ತಲೇ ಚಟಪಟ ಎಂದಿತು, ಅಂಚಿನಿಂದ ಹಳದಿ ಛಾಯೆಯ ಹೊಗೆ ತೆವಳಿತು, ಆಮೇಲೆ ಬಿಳಿಯ ಕಂಬ ಮರಗಳನ್ನು ದಾಟಿ ಎದ್ದಿತು.

ಜಾಗ ಬಯಲಾಗಿರಲಿ, ದಟ್ಟ ಮರಗಳ ಕೆಳಗೆ ಹಾಕಿದರೆ ಕೊಂಬೆಗಳು ಹೊಗೆಯನ್ನು ಸೋಸಿ ಚದುರಿಸಿಬಿಡುತ್ತವೆ. ಕಣಿವೆಯಲ್ಲಿ ಬೆಳಗಿನ ಜಾವ ತಣ್ಣನೆಯ ಗಾಳಿ ಕೆಳಗೆ, ಬೆಚ್ಚನೆಯದು ಮೇಲೆ ಮುಚ್ಚಳದಂತೆ ಕುಳಿತಿರುತ್ತದೆ. ಆಗ ಹೊಗೆ ಏಳದೆ ಮಂಜಿನಂತೆ ಹರಡಿಕೊಳ್ಳುತ್ತದೆ. ಬಿಸಿಲೇರಲಿ. ಹಸಿರು ಕಾಡಿನ ಹಿನ್ನೆಲೆಗೆ ಬಿಳಿ ಹೊಗೆ ಎದ್ದು ಕಾಣುತ್ತದೆ. ಹಿಮದ ನೆಲದಲ್ಲಾದರೆ ಕಪ್ಪು ಬೇಕು, ಅದಕ್ಕೆ ರಬ್ಬರ್ ಅಥವಾ ಎಣ್ಣೆಯಲ್ಲಿ ನೆನೆದ ಬಟ್ಟೆ ಆದೀತು. ಆ ಹೊಗೆಯನ್ನು ಮಾತ್ರ ಉಸಿರಾಡಬೇಡಿ.

ಬಹಳ ಜನ ಎಡವುವುದು ಸಮಯದ ವಿಷಯದಲ್ಲಿ. ವಿಮಾನದ ಸದ್ದು ಕೇಳಿದ ಮೇಲೆ ಕಡ್ಡಿ ಗೀರಲು ಹೊರಟರೆ, ಹೊಗೆ ಏಳುವಷ್ಟರಲ್ಲಿ ಅದು ಗುಡ್ಡ ದಾಟಿರುತ್ತದೆ. ಒಂದು ಬೆಂಕಿಯನ್ನಾದರೂ ಆರಲು ಬಿಡದೆ, ಪಕ್ಕದಲ್ಲೇ ಸೊಪ್ಪಿನ ರಾಶಿ ಹಾಕಿಕೊಂಡಿರಿ. ರಾತ್ರಿ ಸೊಪ್ಪು ಬೇಡ, ಉರಿಯೇ ಕಾಣಬೇಕು.

ಸುತ್ತಲಿನ ತರಗೆಲೆಯನ್ನು ಬರಿ ಮಣ್ಣು ಕಾಣುವವರೆಗೆ ಗುಡಿಸಿ. ಒಣಹುಲ್ಲು, ಜೋರು ಗಾಳಿ ಎರಡೂ ಇದ್ದರೆ ಬೆಂಕಿಯ ಗೊಡವೆಗೇ ಹೋಗಬೇಡಿ. ಬದಲಿಗೆ ಬಿಸಿಲಿದ್ದರೆ ಕನ್ನಡಿಯ ಚೂರೊಂದರ ಮಿಂಚು ಹಲವು ಕಿಲೋಮೀಟರ್ ದೂರಕ್ಕೆ ಕಾಣುತ್ತದೆ. ಹೆಲಿಕಾಪ್ಟರ್ ಇಳಿಯಬಹುದಾದ ಸಮತಟ್ಟು ಹತ್ತಿರದಲ್ಲಿದ್ದರೆ ಬೆಂಕಿಯನ್ನು ಅದರ ನಡುವೆ ಹಾಕದೆ, ಸಾಕಷ್ಟು ದೂರದಲ್ಲಿ ಹಾಕಿ. ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂಬುದನ್ನು ಪೈಲಟ್ ನಿಮ್ಮ ಹೊಗೆ ನೋಡಿಯೇ ತಿಳಿಯುತ್ತಾನೆ, ಆದರೆ ರೆಕ್ಕೆಯ ಗಾಳಿಗೆ ಕೆಂಡ ಹಾರಿ ಬರುವುದು ಅವನಿಗೂ ಬೇಡ, ನಿಮಗೂ ಬೇಡ.